ಹೇಳಿ ಹೋಗಿ, ಎರಡೇ ನೋಡಿ: ಪೆಲ್ಯೆಶಾತ್ಸ್‌ನ ಮನೆ ವೈನರಿಗಳಿಗೆ ಒಂದು ಸಮಗ್ರ ಮಾರ್ಗದರ್ಶಿ

ಕ್ರೊಯೇಷಿಯಾದ ದಕ್ಷಿಣ ತುದಿಯಲ್ಲಿ, ಡುಬ್ರೊವ್ನಿಕ್‌ನಿಂದ ಸುಮಾರು ಒಂದು ಗಂಟೆಯ ದಾರಿಯಲ್ಲಿ, ಪೆಲ್ಯೆಶಾತ್ಸ್ ಎಂಬ ಉದ್ದನೆಯ ಪರ್ಯಾಯ ದ್ವೀಪ ಶುರುವಾಗುತ್ತದೆ. ದೇಶದ ಅತ್ಯಂತ ಗಟ್ಟಿ ಕೆಂಪು ವೈನ್‌ಗಳು ಬರುವುದು ಇಲ್ಲಿಂದ. ಇಲ್ಲಿನ ಬಹುತೇಕ ವೈನರಿಗಳು ಮನೆಗೆ ಅಂಟಿಕೊಂಡೇ ಇರುತ್ತವೆ. ಮೇಲೆ ಮನೆ, ಕೆಳಗೆ ಪೀಪಾಯಿ. ಬಾಗಿಲು ತೆಗೆಯುವವರೇ ಬೆಳಿಗ್ಗೆ ಬಳ್ಳಿಗೆ ಔಷಧಿ ಹೊಡೆದು ಬಂದಿರುತ್ತಾರೆ. ನಂದಿ ತಪ್ಪಲಿನ ವೈನರಿಗಳಲ್ಲಿ ಟಿಕೆಟ್ ಕೊಂಡು ಗೈಡ್ ಹಿಂದೆ ಸುತ್ತಿದವರು ಅದೇ ನಿರೀಕ್ಷೆ ಇಟ್ಟುಕೊಂಡು ಇಲ್ಲಿಗೆ ಬಂದರೆ ಮುಚ್ಚಿದ ಬಾಗಿಲು ನೋಡಿ ವಾಪಸಾಗಬೇಕಾಗುತ್ತದೆ. ನೆಂಟರ ಮನೆಗೆ ಹೋಗುವ ಲೆಕ್ಕವೇ ಇಲ್ಲಿಯೂ. ಮೊದಲೇ ಹೇಳಬೇಕು, ಹೇಳಿದ ಹೊತ್ತಿಗೆ ಹೋಗಬೇಕು, ಒಂದೇ ದಿನದಲ್ಲಿ ಊರಿನ ಮನೆಗಳನ್ನೆಲ್ಲ ಎಣಿಸಲು ಹೋಗಬಾರದು.

ಹೊರಡುವ ಮುನ್ನ ಮೂರು ಹೆಸರು

ಪ್ಲಾವಾತ್ಸ್ ಮಾಲಿ, ಡಿಂಗಾಚ್, ಪೊಸ್ತುಪ್. ಈ ಮೂರರಲ್ಲಿ ದ್ರಾಕ್ಷಿಯ ಹೆಸರು ಮೊದಲನೆಯದು ಮಾತ್ರ. ಈ ‘ಮಾಲಿ’ಗೂ ನಮ್ಮ ತೋಟದ ಮಾಲಿಗೂ ಸಂಬಂಧವಿಲ್ಲ. ಅವರ ಭಾಷೆಯಲ್ಲಿ ಮಾಲಿ ಎಂದರೆ ಚಿಕ್ಕದು, ಪ್ಲಾವೊ ಎಂದರೆ ನೀಲಿ. ಡಿಂಗಾಚ್ ಮತ್ತು ಪೊಸ್ತುಪ್ ಜಾಗದ ಹೆಸರುಗಳು. ಎರಡೂ ಸಮುದ್ರಕ್ಕೆ ಮುಖಮಾಡಿದ ಕಡಿದಾದ ಇಳಿಜಾರುಗಳು, ಎರಡರಲ್ಲೂ ಬೆಳೆಯುವುದು ಇದೇ ಪ್ಲಾವಾತ್ಸ್. ಡಿಂಗಾಚ್‌ಗೆ 1961ರಲ್ಲೇ ಕಾನೂನಿನ ರಕ್ಷಣೆ ಸಿಕ್ಕಿತು, ಪೊಸ್ತುಪ್‌ಗೆ 1967ರಲ್ಲಿ. ಅಲ್ಲಿನ ಬಳ್ಳಿಗೆ ಮೂರು ಸೂರ್ಯ ಎಂದು ಊರಿನವರು ಹೇಳುತ್ತಾರೆ: ಆಕಾಶದ್ದು, ಸಮುದ್ರದಿಂದ ಪ್ರತಿಫಲಿಸುವುದು, ಬಿಳಿ ಕಲ್ಲಿನಿಂದ ಚಿಮ್ಮುವುದು. ಮಾತಿನಲ್ಲಿ ಹುರುಳಿದೆ. ಆ ಬಿಸಿಲಿಗೆ ಒಂದೇ ಗೊಂಚಲಿನಲ್ಲಿ ಕೆಲವು ಕಾಳು ಒಣದ್ರಾಕ್ಷಿಯಾಗಿದ್ದರೆ ಪಕ್ಕದವು ಆಗಷ್ಟೇ ಹಣ್ಣಾಗುತ್ತಿರುತ್ತವೆ. ಸಕ್ಕರೆ ಏರುತ್ತದೆ, ಮದ್ಯಾಂಶ 14ರಿಂದ 15 ಪ್ರತಿಶತ, ಕೆಲವೊಮ್ಮೆ ಅದಕ್ಕೂ ಮೇಲೆ ಹೋಗುತ್ತದೆ.

ಬೆಟ್ಟದ ಈಚೆ ಬದಿಯ ಕಣಿವೆಯಲ್ಲೂ, ಅಂದರೆ ಪೊತೊಮ್ಯೆ, ಪಿಯಾವಿಚಿನೊ ಊರುಗಳ ಸುತ್ತ, ಪ್ಲಾವಾತ್ಸ್ ಬೆಳೆಯುತ್ತದೆ. ಅಲ್ಲಿ ಇಳುವರಿ ಹೆಚ್ಚು, ವೈನ್ ಮೆದು, ಬೆಲೆಯೂ ಕಡಿಮೆ. ಲೇಬಲ್ ಮೇಲೆ ಜಾಗದ ಹೆಸರಿಲ್ಲದೆ ಬರೀ ಪ್ಲಾವಾತ್ಸ್ ಎಂದಿದ್ದರೆ ಅದು ಬಹುಮಟ್ಟಿಗೆ ಕಣಿವೆಯದು. ಅದನ್ನು ಕೀಳಾಗಿ ನೋಡಬೇಕಿಲ್ಲ. ದಿನವೂ ಊಟಕ್ಕೆ ಕುಡಿಯಲು ಅದೇ ಹಿತ.

ಪ್ಲಾವಾತ್ಸ್ ಅಂದರೆ ಕ್ಯಾಲಿಫೋರ್ನಿಯಾದ ಝಿನ್‌ಫಾಂಡೆಲ್ ದ್ರಾಕ್ಷಿಯೇ ಎಂದು ವೈನರಿಯಲ್ಲಿ ಹೇಳಬೇಡಿ. ಬಹುಕಾಲ ಹಾಗೆಂದೇ ನಂಬಿದ್ದರು. ಡೇವಿಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಕ್ಯಾರೊಲ್ ಮೆರೆಡಿತ್ ಮತ್ತು ಜಾಗ್ರೆಬ್‌ನ ಇವಾನ್ ಪೆಯಿಚ್, ಎದಿ ಮಾಲೆತಿಚ್ ಸೇರಿ ಡಿಎನ್‌ಎ ಪರೀಕ್ಷೆ ನಡೆಸಿದಾಗ ಸಂಬಂಧ ಬೇರೆಯೇ ಎಂದು ಗೊತ್ತಾಯಿತು. 2001ರಲ್ಲಿ ಸ್ಪ್ಲಿತ್ ಬಳಿಯ ಕಾಶ್ತೆಲಾದ ಹಳೇ ತೋಟವೊಂದರಲ್ಲಿ ಝಿನ್‌ಫಾಂಡೆಲ್‌ನ ಮೂಲ ಬಳ್ಳಿ ಸಿಕ್ಕಿತು, ಅದರ ಸ್ಥಳೀಯ ಹೆಸರು ತ್ಸ್ರ್‌ಲಿಯೆನಾಕ್ ಕಾಶ್ತೆಲಾನ್‌ಸ್ಕಿ. ಅದಕ್ಕೂ ದೊಬ್ರಿಚಿಚ್ ಎಂಬ ಇನ್ನೊಂದು ತಳಿಗೂ ಹುಟ್ಟಿದ ಮಗುವೇ ಪ್ಲಾವಾತ್ಸ್. ಈ ಪ್ರಶ್ನೆಯನ್ನು ಜೀವಂತ ಇಟ್ಟವರಲ್ಲಿ ಮುಖ್ಯರು ವೈನ್ ತಯಾರಕ ಮಿಲ್ಯೆಂಕೊ ಗ್ರ್‌ಗಿಚ್, ಅಮೆರಿಕದಲ್ಲಿ ಮೈಕ್ ಗ್ರ್‌ಗಿಚ್. 1976ರ ಪ್ಯಾರಿಸ್ ವೈನ್ ಪೈಪೋಟಿಯಲ್ಲಿ ಫ್ರೆಂಚರ ಬಿಳಿ ವೈನ್‌ಗಳನ್ನು ಹಿಂದಿಕ್ಕಿದ ಷಾರ್ಡನೆ ಎಂಬ ಬಿಳಿ ವೈನ್ ಅವರ ಕೈಯದು. 1996ರಲ್ಲಿ ಅವರು ತಾಯ್ನಾಡಿಗೆ ಮರಳಿ ಪೆಲ್ಯೆಶಾತ್ಸ್‌ನ ತ್ರ್‌ಸ್ತೆನಿಕ್‌ನಲ್ಲಿ ವೈನರಿ ಕಟ್ಟಿದರು.

ಯಾವಾಗ ಹೋಗಬೇಕು

ಮೇ, ಜೂನ್ ಮೊದಲರ್ಧ, ಅಕ್ಟೋಬರ್. ಜುಲೈ–ಆಗಸ್ಟ್‌ನಲ್ಲಿ ಜನಜಾತ್ರೆ, 35 ಡಿಗ್ರಿ ಬಿಸಿಲು. ಆ ಬಿಸಿಲಿನಲ್ಲಿ 15 ಪ್ರತಿಶತದ ಕೆಂಪು ವೈನ್ ಮೂಗಿಗೆ ಸ್ಪಿರಿಟ್‌ನಂತೆ ಹೊಡೆಯುತ್ತದೆಯೇ ಹೊರತು ರುಚಿ ತಿಳಿಯುವುದಿಲ್ಲ. ಆಗಸ್ಟ್ ಕೊನೆಯಿಂದ ಸೆಪ್ಟೆಂಬರ್ ಪೂರ್ತಿ ಕೊಯ್ಲು, ಅವರ ಮಾತಿನಲ್ಲಿ ಬೆರ್ಬಾ. ಕೊಯ್ಲು ನೋಡುವ ಆಸೆ ಎಲ್ಲರಿಗೂ ಇರುತ್ತದೆ. ಆದರೆ ಭತ್ತದ ಒಕ್ಕಣೆಯ ದಿನ ಮನೆಗೆ ನೆಂಟರು ಬಂದ ಹಾಗೆ ಆಗುತ್ತದೆ: ಬೇಡ ಎನ್ನಲಾಗದು, ಕೂರಿಸಿ ಮಾತಾಡಿಸಲೂ ಆಗದು. ಹೋಗಲೇಬೇಕೆಂದಿದ್ದರೆ ಸಂಜೆ ಆರರ ಮೇಲೆ ಸಮಯ ಕೇಳಿ. ಇನ್ನು ಫೆಬ್ರವರಿಯಲ್ಲಿ ಹೋದವರಿಗೆ ಕಾಣುವುದು ಎಲೆಯಿಲ್ಲದ ಮೋಟು ಬಳ್ಳಿ ಮಾತ್ರ. ಬೆಂಗಳೂರಿನ ಸುತ್ತ ಬಳ್ಳಿಗೆ ಚಳಿಗಾಲದ ನಿದ್ದೆಯೇ ಇಲ್ಲ, ಕೊಯ್ಲು ಬೀಳುವುದೇ ಜನವರಿ–ಮಾರ್ಚ್‌ನಲ್ಲಿ. ಪೆಲ್ಯೆಶಾತ್ಸ್‌ನಲ್ಲಿ ಆಗ ಬಳ್ಳಿ ಸವರುವ ಕೆಲಸ ನಡೆಯುತ್ತಿರುತ್ತದೆ.

ವಾರದ ದಿನಗಳಲ್ಲಿ ಭಾನುವಾರ ಬಿಡಿ. ಬೆಳಿಗ್ಗೆ ಚರ್ಚು, ಮಧ್ಯಾಹ್ನ ಮನೆಮಂದಿಯ ದೊಡ್ಡ ಊಟ. ಮಿಕ್ಕ ದಿನಗಳಲ್ಲೂ ಮಧ್ಯಾಹ್ನ ಒಂದರಿಂದ ನಾಲ್ಕರವರೆಗೆ ಯಾರನ್ನೂ ಎಬ್ಬಿಸಬೇಡಿ.

ಹಂತ 1: ಸಂದೇಶ ಕಳಿಸುವುದು

ಭೇಟಿ ಚೆನ್ನಾಗಿ ಆಗುವುದೂ ಕೆಡುವುದೂ ಇಲ್ಲೇ. ಕನಿಷ್ಠ ಮೂರು ದಿನ ಮೊದಲು, ಬೇಸಿಗೆಯಾದರೆ ಒಂದು ವಾರ ಮೊದಲು, ಇಮೇಲ್ ಅಥವಾ ವಾಟ್ಸ್ಯಾಪ್‌ನಲ್ಲಿ ಬರೆಯಿರಿ. ಇಂಗ್ಲಿಷ್ ಸಾಕು. ಮನೆಯ ಹಿರಿಯರಿಗೆ ಬಾರದಿದ್ದರೂ ಮಕ್ಕಳಿಗೆ ಬರುತ್ತದೆ. ಸಂದೇಶದಲ್ಲಿ ಆರು ವಿಷಯ ಇರಲಿ:

- ದಿನಾಂಕ, ಮತ್ತು 24 ಗಂಟೆಯ ಲೆಕ್ಕದಲ್ಲಿ ಸಮಯ (ಮೇ 14, 17:00)
- ಎಷ್ಟು ಜನ, ಅವರಲ್ಲಿ ವೈನ್ ಕುಡಿಯುವವರು ಎಷ್ಟು
- ಮಕ್ಕಳಿದ್ದರೆ ಅವರ ವಯಸ್ಸು
- ಬರೀ ರುಚಿ ನೋಡುವುದೋ, ನೆಲಮಾಳಿಗೆ ಅಥವಾ ತೋಟವೂ ಬೇಕೋ
- ಮಾಂಸ, ಮೀನು, ಮೊಟ್ಟೆ: ಏನು ತಿನ್ನುತ್ತೀರಿ, ಏನಿಲ್ಲ
- ಶುಲ್ಕ ಎಷ್ಟು, ಕಾರ್ಡ್ ನಡೆಯುತ್ತದೆಯೇ

ಎರಡನೆಯ ಅಂಶವನ್ನು ಜನ ಬಿಟ್ಟುಬಿಡುತ್ತಾರೆ. ಎಂಟು ಜನ ಬರುತ್ತೇವೆಂದು ಬರೆದರೆ ಎಂಟು ಜನರ ಲೆಕ್ಕಕ್ಕೆ ಬಾಟಲಿ ತೆಗೆದು, ಚೀಸ್ ಕತ್ತರಿಸಿ ಇಟ್ಟಿರುತ್ತಾರೆ. ಅದರಲ್ಲಿ ಐವರು ಕುಡಿಯುವುದಿಲ್ಲ ಎಂದು ಅಲ್ಲಿ ಗೊತ್ತಾದರೆ, ತೆರೆದ ಬಾಟಲಿ ಅವರ ಪಾಲಿಗೆ ನಷ್ಟ.

ಉತ್ತರ ಬಂದ ಮೇಲೆ ಹಿಂದಿನ ಸಂಜೆ ಇನ್ನೊಂದು ಸಾಲು ಬರೆದು ಖಚಿತಪಡಿಸಿ. ಅರ್ಧ ಗಂಟೆ ತಡವಾಗುವುದಾದರೆ ತಿಳಿಸಿ, ಏಕೆಂದರೆ ಅವರು ತೋಟ ಬಿಟ್ಟು ಬಂದು ಕಾದಿರುತ್ತಾರೆ. ರಸ್ತೆ ಬದಿಯ ಫಲಕಗಳಲ್ಲಿ ‘ಒಪೆಗೆ’ ಎಂದು ಓದುವ ಮೂರಕ್ಷರ (OPG) ಕಂಡರೆ ಅದು ಕುಟುಂಬ ಕೃಷಿ ಹಿಡುವಳಿಯ ಗುರುತು. ಅಂಥ ಕಡೆ ಹಾದಿಯಲ್ಲಿ ನಿಂತು ಒಂದು ಬಾಟಲಿ ಕೊಳ್ಳಬಹುದು. ಹೇಳದೆ ಬಂದವರಿಗೆ ನೆಲಮಾಳಿಗೆ ತೆರೆಯಬೇಕೆಂದು ನಿರೀಕ್ಷಿಸುವುದು ತಪ್ಪು.

ಹಂತ 2: ಎಷ್ಟು ವೈನರಿ, ಯಾವ ಕ್ರಮ

ದಿನಕ್ಕೆ ಎರಡು. ಮೂರನೆಯದು ನಾಲಿಗೆಗೂ ದಂಡ, ಅವರ ಸಮಯಕ್ಕೂ ದಂಡ. ಪ್ಲಾವಾತ್ಸ್‌ನಲ್ಲಿ ಟ್ಯಾನಿನ್ ಜಾಸ್ತಿ. ಹಸಿ ಅಡಿಕೆ ಅಗಿದಾಗ, ಬಲಿಯದ ನೇರಳೆ ತಿಂದಾಗ ನಾಲಿಗೆ ಹಿಡಿಯುತ್ತದಲ್ಲ, ಅದೇ ಒಗರು. ಹತ್ತು ಗ್ಲಾಸಿನ ಹೊತ್ತಿಗೆ ಬಾಯಿ ಪೂರ್ತಿ ಒಗರಾಗಿ ಒಳ್ಳೆಯದೂ ಕೆಟ್ಟದ್ದೂ ಒಂದೇ ಆಗುತ್ತದೆ.

ಒಂದು ದೊಡ್ಡದು, ಒಂದು ಚಿಕ್ಕದು ಎಂದು ಜೋಡಿಸಿದರೆ ಹೋಲಿಕೆ ಸಿಗುತ್ತದೆ. ಪೊತೊಮ್ಯೆಯ ಮಾತುಶ್ಕೊದಂಥ ಕಡೆ ದೊಡ್ಡ ನೆಲಮಾಳಿಗೆ, ಸಾಲು ಪೀಪಾಯಿ, ಪ್ರವಾಸಿಗರ ಓಡಾಟದ ಅಭ್ಯಾಸ ಎಲ್ಲ ಇದೆ. ಪೊನಿಕ್ವೆಯ ಮಿಲೊಶ್, ಪ್ರಿಜ್ದ್ರಿನಾದ ಬಾರ್ತುಲೊವಿಚ್ ಮನೆತನದ ಹೆಸರಿನಲ್ಲೇ ನಡೆಯುವ ವೈನರಿಗಳು, ಅಲ್ಲಿ ಮಾತಿಗೆ ಜಾಗ ಹೆಚ್ಚು. ದ್ರಾಚೆ ಎಂಬ ಊರಿನಲ್ಲಿ ವೈನನ್ನು ಮಣ್ಣಿನ ಹೂಜಿಯಲ್ಲಿ ತುಂಬಿ ಸಮುದ್ರದ ತಳದಲ್ಲಿ ಇಡುವವರಿದ್ದಾರೆ. ನೋಡಲು ಮಜವಾಗಿದೆ, ಆದರೆ ಮೊದಲ ಬಾರಿ ಬಂದವರು ಅದರಿಂದಲೇ ಶುರುಮಾಡಿದರೆ ಈ ನೆಲದ ರುಚಿ ಏನೆಂದು ತಿಳಿಯುವುದಿಲ್ಲ.

ಡುಬ್ರೊವ್ನಿಕ್‌ನಿಂದ ಹೊರಡುವವರಿಗೆ ಒಂದು ದಿನದ ಲೆಕ್ಕ: ಒಂಬತ್ತಕ್ಕೆ ಬಿಟ್ಟು ಹತ್ತಕ್ಕೆ ಸ್ತೊನ್. ಅಲ್ಲಿ 14ನೇ ಶತಮಾನದಲ್ಲಿ ಶುರುವಾದ ಕೋಟೆಗೋಡೆ, ಉಪ್ಪಿನ ಗದ್ದೆಗಳು. ಹನ್ನೊಂದಕ್ಕೆ ಪೊನಿಕ್ವೆಯಲ್ಲಿ ಮೊದಲ ವೈನರಿ. ಒಂದೂವರೆಗೆ ಊಟ, ಆಮೇಲೆ ತ್ರ್‌ಸ್ತೆನಿಕ್‌ನ ಕಡಲತೀರದಲ್ಲಿ ವಿಶ್ರಾಂತಿ. ಐದಕ್ಕೆ ಪೊತೊಮ್ಯೆಯಲ್ಲಿ ಎರಡನೆಯದು. ರಾತ್ರಿ ಒರೆಬಿಚ್‌ನಲ್ಲಿ ಉಳಿದುಕೊಳ್ಳುವುದು ಉತ್ತಮ. ಮರುದಿನ ಅಲ್ಲಿಂದ ದೋಣಿ ಹತ್ತಿದರೆ ಕಾಲು ಗಂಟೆಯಲ್ಲಿ ಕೊರ್ಚುಲಾ ದ್ವೀಪ. ಪೊಶಿಪ್ ಎಂಬ ಬಿಳಿ ದ್ರಾಕ್ಷಿಯ ತವರು ಅದು. ಆ ದ್ವೀಪದ ಲುಂಬಾರ್ದಾದಲ್ಲಿ ಗ್ರ್‌ಕ್ ಎಂಬ ಇನ್ನೊಂದು ಬಿಳಿ ತಳಿ ಇದೆ. ಅದರ ಹೂವು ಬರೀ ಹೆಣ್ಣು, ಪರಾಗಕ್ಕಾಗಿ ಪಕ್ಕದಲ್ಲೇ ಪ್ಲಾವಾತ್ಸ್ ನೆಡುತ್ತಾರೆ.

ಹಂತ 3: ದಾರಿ

ಕ್ರೊಯೇಷಿಯಾ 2023ರ ಜನವರಿ 1ರಿಂದ ಒಂದೇ ವೀಸಾ ನಡೆಯುವ ಯುರೋಪಿನ ದೇಶಗಳ ಗುಂಪಾದ ಷೆಂಗೆನ್ ವಲಯದಲ್ಲಿದೆ, ನಾಣ್ಯವೂ ಅಂದಿನಿಂದ ಯೂರೋ. ಸ್ಪ್ಲಿತ್ ಕಡೆಯಿಂದ ಕಾರಿನಲ್ಲಿ ಬರುವ ಭಾರತೀಯ ಪಾಸ್‌ಪೋರ್ಟ್‌ನವರು ಒಂದು ವಿಷಯ ಗಮನಿಸಬೇಕು. ಹಳೇ ಕರಾವಳಿ ರಸ್ತೆ ನೆಉಮ್ ಎಂಬಲ್ಲಿ ಷೆಂಗೆನ್‌ಗೆ ಸೇರದ ಬೋಸ್ನಿಯಾದೊಳಗೆ ಹಾದುಹೋಗುತ್ತದೆ. ಒಂದೇ ಪ್ರವೇಶದ ಷೆಂಗೆನ್ ವೀಸಾ ಇದ್ದವರು ಆ ಗಡಿ ದಾಟಿದರೆ ಮರಳಿ ಒಳಬರಲು ಹಕ್ಕಿರುವುದಿಲ್ಲ. ಫೋನಿನ ನಕ್ಷೆ ಇದನ್ನೆಲ್ಲ ಲೆಕ್ಕಕ್ಕಿಡುವುದಿಲ್ಲ. ಹಾಗಾಗಿ 2022ರ ಜುಲೈನಲ್ಲಿ ತೆರೆದ, 2,404 ಮೀಟರ್ ಉದ್ದದ ಪೆಲ್ಯೆಶಾತ್ಸ್ ಸೇತುವೆಯ ಮೇಲೇ ಬನ್ನಿ. ಟೋಲ್ ಇಲ್ಲ. ಪ್ಲೊಚೆಯಿಂದ ತ್ರ್‌ಪಾನ್ಯ್‌ಗೆ ಕಾರು ದಾಟಿಸುವ ಹಡಗೂ ಉಂಟು, ಸುಮಾರು ಒಂದು ಗಂಟೆ.

ಬಾಡಿಗೆ ಕಾರಿಗೆ ನಮ್ಮ ಲೈಸೆನ್ಸ್ ಜೊತೆ ಅಂತರರಾಷ್ಟ್ರೀಯ ಚಾಲನಾ ಪರವಾನಗಿಯೂ ಇರಲಿ. ಓಡಿಸುವುದು ಬಲಬದಿಯಲ್ಲಿ.

ಪೊತೊಮ್ಯೆಯಿಂದ ಡಿಂಗಾಚ್ ಇಳಿಜಾರಿಗೆ ಹೋಗಲು ಬೆಟ್ಟ ಕೊರೆದ ಸುರಂಗವಿದೆ, ಸುಮಾರು 400 ಮೀಟರ್. 1970ರ ದಶಕದಲ್ಲಿ ಊರಿನವರೇ ಮುಂದೆ ನಿಂತು ಮಾಡಿಸಿದ್ದು. ಅದಕ್ಕೂ ಮೊದಲು ದ್ರಾಕ್ಷಿ ಬೆಟ್ಟ ಹತ್ತಿ ಇಳಿದು ಬರುತ್ತಿದ್ದದ್ದು ಕತ್ತೆಯ ಬೆನ್ನ ಮೇಲೆ. ಡಿಂಗಾಚ್‌ನ ಪ್ರಸಿದ್ಧ ಲೇಬಲ್ ಮೇಲೆ ಕತ್ತೆಯ ಚಿತ್ರ ಇರುವುದು ಅದಕ್ಕೇ. ಸುರಂಗದಲ್ಲಿ ಒಂದೇ ವಾಹನಕ್ಕೆ ಜಾಗ. ಬಾಯಲ್ಲಿ ನಿಂತು ಎದುರಿನಿಂದ ಬೆಳಕು ಬರುತ್ತಿದೆಯೇ ನೋಡಿ, ಹೆಡ್‌ಲೈಟ್ ಹಾಕಿ, ನಿಧಾನ ಹೋಗಿ. ಆಚೆ ಬದಿಯಲ್ಲಿ ರಸ್ತೆ ತೀರಾ ಕಿರಿದು, ಕೆಳಗೆ ನೇರ ಸಮುದ್ರ. ದೊಡ್ಡ ಕಾರು ತಿರುಗಿಸಲು ಹೆಣಗಾಡುವ ಬದಲು ವೈನರಿಯವರ ವಾಹನದಲ್ಲೇ ತೋಟಕ್ಕೆ ಹೋಗಬಹುದೇ ಎಂದು ಸಂದೇಶದಲ್ಲೇ ಕೇಳಿಬಿಡಿ. ಬೇಸಿಗೆಯಲ್ಲಿ ಅಲ್ಲಿ ಬೀಡಿ–ಸಿಗರೇಟು ಖಂಡಿತ ಬೇಡ, ಕುರುಚಲು ಒಂದು ಕಿಡಿಗೆ ಹೊತ್ತಿಕೊಳ್ಳುತ್ತದೆ.

ಹಂತ 4: ಯಾರು ಓಡಿಸುವುದು

ಕ್ರೊಯೇಷಿಯಾದಲ್ಲಿ ಮಿತಿ ರಕ್ತದಲ್ಲಿ ಪ್ರತಿ ಕಿಲೋಗೆ 0.50 ಗ್ರಾಂ. 24 ವರ್ಷ ತುಂಬದ ಚಾಲಕರಿಗೆ ಸೊನ್ನೆ. ಐದು ವೈನ್, ತಲಾ 50 ಮಿಲೀ, ಮದ್ಯಾಂಶ 14.5 ಎಂದು ಇಟ್ಟುಕೊಳ್ಳಿ. 250 ಮಿಲೀಯಲ್ಲಿ ಶುದ್ಧ ಮದ್ಯ ಸುಮಾರು 36 ಮಿಲೀ, ತೂಕದಲ್ಲಿ 28–29 ಗ್ರಾಂ. 70 ಕಿಲೋ ತೂಗುವ ಗಂಡಸಿಗೆ ಇದು ಅಂದಾಜು 0.58, 55 ಕಿಲೋದ ಹೆಂಗಸಿಗೆ 0.87. ಗಂಟೆಗೆ ಇಳಿಯುವುದು 0.10ರಿಂದ 0.15 ಅಷ್ಟೇ. ಅಂದರೆ ‘ಸುಮ್ಮನೆ ರುಚಿ ನೋಡಿದೆ’ ಅನ್ನುವವರೂ ಮೊದಲ ವೈನರಿಯಲ್ಲೇ ಮಿತಿ ದಾಟಿರುತ್ತಾರೆ. ಕೊನೆಗೆ ಪ್ರೀತಿಯಿಂದ ಕೊಡುವ ರಾಕಿಯಾ, ಅಂದರೆ 40 ಪ್ರತಿಶತದ ಬಟ್ಟಿ ಸಾರಾಯಿ, ಈ ಲೆಕ್ಕದಲ್ಲಿ ಸೇರಿಲ್ಲ.

ಒಬ್ಬರು ಕುಡಿಯದೆ ಇರಬೇಕು, ಇಲ್ಲವೇ ಚಾಲಕರ ಸಮೇತ ಕಾರು ಗೊತ್ತುಮಾಡಬೇಕು. ಡುಬ್ರೊವ್ನಿಕ್–ಕೊರ್ಚುಲಾ ಬಸ್ಸು ಇದೇ ದಾರಿಯಲ್ಲಿ ಹೋಗುತ್ತದೆ, ಆದರೆ ದಿನಕ್ಕೆ ಬೆರಳೆಣಿಕೆಯಷ್ಟು. ಅದನ್ನು ನಂಬಿ ಎರಡು ಭೇಟಿ ಹೊಂದಿಸುವುದು ಕಷ್ಟ. ಉಗುಳುವುದು ಅವಮಾನ ಎಂದು ಅಂಜಬೇಡಿ. ಒಂದು ಖಾಲಿ ಪಾತ್ರೆ ಕೇಳಿ, ಬಾಯಲ್ಲಿ ತಿರುಗಿಸಿ ಅದಕ್ಕೆ ಬಿಡಿ. ವೈನ್ ಮಾಡುವವರು ದಿನವೂ ಮಾಡುವುದು ಅದನ್ನೇ.

ಹಂತ 5: ಮೇಜಿನ ಮುಂದೆ

‘ದೊಬಾರ್ ದಾನ್’ ಎಂದರೆ ನಮಸ್ಕಾರ, ‘ಹ್ವಾಲಾ’ ಎಂದರೆ ಥ್ಯಾಂಕ್ಸ್, ಗ್ಲಾಸು ತಾಗಿಸುವಾಗ ‘ಝಿವ್ಯೆಲಿ’. ತಾಗಿಸುವಾಗ ಎದುರಿನವರ ಕಣ್ಣು ನೋಡಬೇಕು. ಲೇಬಲ್ ಓದುವಾಗ ನೆನಪಿಡಿ: ‘ಸಿ’ ಅಕ್ಷರದ ಉಚ್ಚಾರ ತ್ಸ, ‘ಜೆ’ ಅಕ್ಷರದ್ದು ಯ. ಕೆಂಪು ವೈನಿಗೆ ಅವರು ‘ತ್ಸ್ರ್‌ನೊ’ ಅನ್ನುತ್ತಾರೆ, ಎಂದರೆ ಕಪ್ಪು. ಪ್ಲಾವಾತ್ಸ್ ಗ್ಲಾಸಿನಲ್ಲಿ ಕಂಡಾಗ ಆ ಹೆಸರು ಒಪ್ಪುತ್ತದೆ. ‘ಸುಹೊ’ ಎಂದರೆ ಸಿಹಿಯಿಲ್ಲದ್ದು. ‘ವ್ರ್‌ಹುನ್‌ಸ್ಕೊ’ ಹಳೇ ವರ್ಗೀಕರಣದ ಮೇಲ್ದರ್ಜೆ, ‘ಕ್ವಾಲಿತೆತ್ನೊ’ ಅದರ ಕೆಳಗಿನದು.

ಕ್ರಮ ಹೀಗಿರುತ್ತದೆ: ಮೊದಲು ಬಿಳಿ (ಪೊಶಿಪ್ ಅಥವಾ ರುಕಾತಾತ್ಸ್), ಆಮೇಲೆ ಒಪೊಲೊ ಎನ್ನುವ ತಿಳಿಗೆಂಪು, ಕಣಿವೆಯ ಪ್ಲಾವಾತ್ಸ್, ಪೊಸ್ತುಪ್, ಡಿಂಗಾಚ್, ಕೊನೆಗೆ ಪ್ರೊಶೆಕ್. ಒಣಗಿಸಿದ ದ್ರಾಕ್ಷಿಯ ಸಿಹಿ ವೈನೇ ಪ್ರೊಶೆಕ್. ಇಟಲಿಯ ನೊರೆ ವೈನ್ ಪ್ರೊಸೆಕ್ಕೊಗೂ ಇದಕ್ಕೂ ಹೆಸರಿನ ಜಗಳ ಇದೆಯೇ ವಿನಾ ರುಚಿಯಲ್ಲಿ ನಂಟಿಲ್ಲ. ಈ ಕ್ರಮ ಮುರಿದು ‘ನೇರ ಡಿಂಗಾಚ್ ಕೊಡಿ’ ಅಂದರೆ ಆಮೇಲಿನ ಬಿಳಿ ನೀರಿನಂತಾಗುತ್ತದೆ.

ಬೆಳಿಗ್ಗೆ ಸೆಂಟು ಪೂಸಿಕೊಳ್ಳಬೇಡಿ. ಹೋಗುವ ದಾರಿಯಲ್ಲಿ ಚೀಲದ ಮಾವಿನ ಉಪ್ಪಿನಕಾಯಿ, ಪಾನ್ ಮಸಾಲಾ, ಪುದೀನ ಮಿಠಾಯಿ ಬೇಡ. ಖಾರ ಸವರಿದ ನಾಲಿಗೆಗೆ ಮದ್ಯದ ಉರಿ ಇಮ್ಮಡಿ. ಕೆಂಪು ವೈನ್ ಬೆಚ್ಚಗಿದ್ದರೆ ಹತ್ತು ನಿಮಿಷ ತಣ್ಣಗೆ ಇಡಲು ಕೇಳುವುದು ತಪ್ಪಲ್ಲ. 16–18 ಡಿಗ್ರಿಯಲ್ಲಿ ಒಗರು ಮತ್ತು ಹಣ್ಣಿನ ಪರಿಮಳ ಹದಕ್ಕೆ ಬರುತ್ತದೆ.

ಒಳ್ಳೆಯ ಪ್ರಶ್ನೆ ಮಾತನ್ನು ಬೆಳೆಸುತ್ತದೆ. ಬಳ್ಳಿ ಯಾವ ಇಳಿಜಾರಿನದು, ಈ ವರ್ಷ ಯಾವ ವಾರ ಕೊಯ್ದಿರಿ, ದೇಶದ ಪೂರ್ವಕ್ಕಿರುವ ಸ್ಲಾವೊನಿಯಾದ ಓಕ್ ಮರದ ದೊಡ್ಡ ಪೀಪಾಯಿಯೋ ಚಿಕ್ಕ ಬರೀಕ್ ಪೀಪಾಯಿಯೋ, ಅದರಲ್ಲಿ ಎಷ್ಟು ತಿಂಗಳು ಎಂದು ಕೇಳಿ. ‘ನಿಮ್ಮಲ್ಲಿ ಬೆಸ್ಟ್ ಯಾವುದು’ ಎಂದು ಕೇಳಿದರೆ ಸಿಗುವುದು ಅತಿ ದುಬಾರಿ ಬಾಟಲಿ. ಅದರ ಬದಲು ‘ಮನೆಯಲ್ಲಿ ಊಟಕ್ಕೆ ನೀವು ಯಾವುದು ಕುಡಿಯುತ್ತೀರಿ’ ಎಂದು ಕೇಳಿ ನೋಡಿ. ಅಲ್ಲಿನವರು ಮನೆಯ ಕೆಂಪು ವೈನಿಗೆ ನೀರು ಬೆರೆಸಿ ‘ಬೆವಾಂದಾ’ ಮಾಡಿ ಕುಡಿಯುವುದು ವಾಡಿಕೆ. ಅದನ್ನು ನೋಡಿ ಡಿಂಗಾಚ್‌ಗೂ ನೀರು ಸುರಿದರೆ ಆತಿಥೇಯರ ಮುಖ ಸಣ್ಣದಾಗುತ್ತದೆ.

ತಟ್ಟೆಯಲ್ಲಿ ಏನು ಬರುತ್ತದೆ

ಪ್ರಶುತ್ ಎಂದರೆ ಒಣಗಿಸಿದ ಹಂದಿಮಾಂಸ. ಅದರ ಜೊತೆ ಚೀಸ್, ಆಲಿವ್, ಉಪ್ಪು ಹಾಕಿದ ಚಿಕ್ಕ ಮೀನು, ಬ್ರೆಡ್ಡು. ಮಾಂಸ ತಿನ್ನದವರು ‘ನೆ ಯೆದೆಮ್ ಮೆಸೊ’ ಅನ್ನಬೇಕು, ಆದರೆ ಅಷ್ಟೇ ಸಾಲದು. ಅವರ ಲೆಕ್ಕದಲ್ಲಿ ಮೀನು ಮಾಂಸವಲ್ಲ, ‘ನಿ ರಿಬು’ ಎಂದು ಸೇರಿಸಬೇಕು. ಚೀಸ್, ಆಲಿವ್, ಬ್ರೆಡ್ಡು ಮತ್ತು ಅವರದೇ ಎಣ್ಣೆ ಇದ್ದರೆ ಹೊಟ್ಟೆ ತುಂಬುತ್ತದೆ. ಊಟಕ್ಕೆ ಕೂರುವುದಾದರೆ ಬ್ಲಿತ್ವಾ ಕೇಳಿ, ಬೆಳ್ಳುಳ್ಳಿ ಹಾಕಿದ ಸೊಪ್ಪು–ಆಲೂಗಡ್ಡೆ. ಕೊನೆಯ ಸಿಹಿಯಾಗಿ ಬರುವ ಫ್ರಿತುಲೆ ಎಂಬ ಬೋಂಡಾದಲ್ಲಿ ರಾಕಿಯಾ ಇರುತ್ತದೆ, ಮಕ್ಕಳಿಗೆ ಕೊಡುವ ಮುನ್ನ ಕೇಳಿ.

ಸ್ತೊನ್ ಪಕ್ಕದ ಮಾಲಿ ಸ್ತೊನ್‌ನ ಸಿಂಪಿ ತಿನ್ನುವವರು ಅದರ ಜೊತೆ ಪೊಶಿಪ್ ಕುಡಿಯಲಿ. ಕೆಂಪು ವೈನಿನ ಕಬ್ಬಿಣದ ಅಂಶ ಕಡಲ ಆಹಾರದ ಜೊತೆ ಸೇರಿದರೆ ಬಾಯಲ್ಲಿ ಲೋಹದ ನಾಣ್ಯ ಇಟ್ಟುಕೊಂಡ ಹಾಗಾಗುತ್ತದೆ.

ಹಂತ 6: ಕೊಳ್ಳುವುದು, ತರುವುದು

ಶುಲ್ಕ ಕೊಟ್ಟ ಮೇಲೆ ಕೊಳ್ಳಲೇಬೇಕೆಂಬ ಕಟ್ಟಳೆಯಿಲ್ಲ. ದುಡ್ಡು ತೆಗೆದುಕೊಳ್ಳದೆ ಕುಡಿಸಿದ್ದರೆ ಒಂದೆರಡು ಬಾಟಲಿ ಕೊಳ್ಳುವುದು ಮರ್ಯಾದೆ. ಚೌಕಾಸಿ ಬೇಡ. ಆ ಇಳಿಜಾರಿನಲ್ಲಿ ಯಂತ್ರ ನಡೆಯುವುದಿಲ್ಲ, ಎಲ್ಲ ಕೈಕೆಲಸ, ಬಳ್ಳಿಯ ಇಳುವರಿಯೂ ಕಮ್ಮಿ. ಡಿಂಗಾಚ್ ಬೆಲೆ ಅದನ್ನೇ ಹೇಳುತ್ತದೆ. ಚಿಕ್ಕ ಮನೆಗಳಿಗೆ ನಗದು ಇಟ್ಟುಕೊಂಡು ಹೋಗಿ. ಪ್ಲಾಸ್ಟಿಕ್ ಕ್ಯಾನಿನಲ್ಲಿ ಅಳೆದು ಕೊಡುವ ಅಗ್ಗದ ವೈನ್ (ರಿನ್‌ಫುಜಾ) ಅಂದು ಸಂಜೆಗೆ ಸರಿ, ವಿಮಾನಕ್ಕಲ್ಲ. ಗಾಳಿ ತಾಗಿ ಕೆಲವೇ ದಿನದಲ್ಲಿ ಹುಳಿಯಾಗುತ್ತದೆ.

ಕೊಂಡದ್ದನ್ನು ಬಿಸಿಲಲ್ಲಿ ನಿಂತ ಕಾರಿನ ಡಿಕ್ಕಿಯಲ್ಲಿ ಬಿಟ್ಟು ಸಮುದ್ರಕ್ಕಿಳಿಯುವುದು ಎಲ್ಲರೂ ಮಾಡುವ ತಪ್ಪು. ಒಳಗಿನ ವೈನ್ ಉಬ್ಬಿ ಬಿರಡೆಯನ್ನು ಮೇಲಕ್ಕೆ ತಳ್ಳುತ್ತದೆ, ಸೋರುತ್ತದೆ, ಉಳಿದದ್ದು ಬೆಂದ ಜಾಮಿನ ವಾಸನೆ ಹೊಡೆಯುತ್ತದೆ. ಎರಡನೆಯ ವೈನರಿಯಲ್ಲಿ ಕೊಳ್ಳುವುದು, ಇಲ್ಲವೇ ಮೊದಲನೆಯವರಲ್ಲಿ ಬಿಟ್ಟು ಮರಳುವಾಗ ಎತ್ತಿಕೊಳ್ಳುವುದು ಇದಕ್ಕೆ ದಾರಿ.

ಬಾಟಲಿಗಳು ಚೆಕ್ ಮಾಡಿದ ಸಾಮಾನಿನಲ್ಲೇ ಹೋಗಬೇಕು. ಪ್ರತಿಯೊಂದನ್ನೂ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಬಾಯಿ ಕಟ್ಟಿ, ದಪ್ಪ ಬಟ್ಟೆ ಸುತ್ತಿ ಸೂಟ್‌ಕೇಸಿನ ನಡುವೆ ಇಡಿ, ಅಂಚು ತಾಗಬಾರದು. ಭಾರತಕ್ಕೆ ಸುಂಕವಿಲ್ಲದೆ ತರಬಹುದಾದದ್ದು ತಲಾ 2 ಲೀಟರ್. 750 ಮಿಲೀಯ ಮೂರು ಬಾಟಲಿ 2.25 ಲೀಟರ್ ಆಗಿ ಮಿತಿ ದಾಟುತ್ತದೆ. ಎರಡು ಡಿಂಗಾಚ್ ಮತ್ತು ಅರ್ಧ ಲೀಟರ್‌ನ ಒಂದು ಪ್ರೊಶೆಕ್ ತೆಗೆದುಕೊಂಡರೆ ಲೆಕ್ಕ ಸರಿಯಾಗಿ 2 ಲೀಟರ್.

ಊರಿಗೆ ಬಂದ ದಿನವೇ ತೆರೆಯಬೇಡಿ. ಕತ್ತಲೆಯಲ್ಲಿ, ಮನೆಯ ಅತಿ ತಂಪಾದ ಮೂಲೆಯಲ್ಲಿ ಎರಡು ವಾರ ಮಲಗಿಸಿಡಿ. ತೆರೆಯುವ ದಿನ ಅರ್ಧ ಗಂಟೆ ಫ್ರಿಜ್‌ನಲ್ಲಿಟ್ಟು, ಅಗಲ ಬಾಯಿಯ ಜಗ್ಗಿಗೆ ಬಗ್ಗಿಸಿ ಒಂದು ಗಂಟೆ ಗಾಳಿಗೆ ಬಿಡಿ. ತಳದಲ್ಲಿ ಗಸಿ ಕಂಡರೆ ಅದು ಕೆಟ್ಟದ್ದಲ್ಲ, ಕೊನೆಯ ಎರಡು ಗುಟುಕು ಬಾಟಲಿಯಲ್ಲೇ ಉಳಿಸಿ.